ಹನ್ನೆರಡು ತಟ್ಟೆಗಳಿಗೆ ಹಾಕಿದ ಹೆಪ್ಪು

ಮೇಷ್ಟ್ರು ಹೋದರು ಎಂದು ಫೋನ್ ಬಂದ ಬೆಳಿಗ್ಗೆ ನಾನು ಚಪ್ಪಲಿಗಳನ್ನು ಅದಲುಬದಲು ಹಾಕಿಕೊಂಡು ಗೇಟಿನವರೆಗೆ ನಡೆದಿದ್ದೆ. ಕಿರುಬೆರಳು ಪಟ್ಟಿಗೆ ಸಿಕ್ಕಿ ನೋಯತೊಡಗಿದಾಗಲೇ ತಿಳಿದದ್ದು. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಸರಿಮಾಡಿಕೊಳ್ಳಲು ಕೈ ಬರಲಿಲ್ಲ, ಏಕೆಂದರೆ ಅದೇ ಅವರ ಮೊದಲ ಪಾಠ.

ಪ್ರತಿ ವರ್ಷ ಹೊಸ ಹುಡುಗರು ಬಂದ ಮೊದಲ ದಿನ ಅವರು ಪುಸ್ತಕ ತೆಗೆಯುತ್ತಿರಲಿಲ್ಲ. "ಎಲ್ಲಾರೂ ಚಪ್ಪಲಿ ಅದ್ಲುಬದ್ಲು ಹಾಕ್ಕೊಳ್ರಪ್ಪಾ. ಹೂಂ, ಈಗ ಒಂದು ಸುತ್ತು ನಡೀರಿ" ಎನ್ನುತ್ತಿದ್ದರು. ಅರವತ್ತು ಹುಡುಗರು ಬಾತುಕೋಳಿಗಳ ಹಾಗೆ ಬೆಂಚುಗಳನ್ನು ಸುತ್ತುತ್ತಿದ್ದರು. "ಎರಡೂ ಒಂದೇ ಚರ್ಮ, ಒಂದೇ ಅಳತೆ, ಒಂದೇ ಅಂಗಡಿ. ಆದ್ರೂ ಯಾಕ್ರೋ ಕಾಲಿಗೆ ಹತ್ತಲ್ಲ? ವಸ್ತು ಒಂದೇ, ಕೈ ಬೇರೆ, ಒಂದು ಎಡ ಒಂದು ಬಲ. ಕನ್ನಡೀಲಿ ಕಂಡಂಗೆ. ಇವತ್ತಿನ ಪಾಠ ಮುಗೀತು." ಒಂದು ವರ್ಷ ಗುಬ್ಬಿ ಕಡೆಯ ಹುಡುಗನೊಬ್ಬ ಗಡಿಬಿಡಿಯಲ್ಲಿ ಎರಡೂ ಎಡಗಾಲಿನವನ್ನೇ ಮೆಟ್ಟಿಕೊಂಡು ಮನೆಗೆ ಹೋದ. ಮಾರನೆಯ ದಿನ ಅವನ ಅಪ್ಪನೇ ಬಂದ. "ಏನ್ ಸಾ, ಕಾಲೇಜಿಗೆ ಕಳಿಸಿದ್ರೆ ಮಗ ಕುಂಟ್ಕೊಂಡು ಬಂದವ್ನೆ?" ಮೇಷ್ಟ್ರು ಅವನನ್ನೂ ಒಂದು ಸುತ್ತು ನಡೆಸಿಯೇ ಕಳಿಸಿದರು.

ಅವರು ಕೆಮಿಸ್ಟ್ರಿ ಕಲಿಸುತ್ತಿದ್ದ ಆ ಕಾಲೇಜಿನ ಲ್ಯಾಬಿನಲ್ಲಿ ನಾನು ಅಟೆಂಡರ್ ಆಗಿದ್ದೆ. ನಿಟ್ಟೂರಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ತುಮಕೂರಿಗೆ ಬಂದು, ಗಾಜಿನ ಸಾಮಾನು ತೊಳೆದು ಜೋಡಿಸಿ, ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದವಳು. ತೊಂಬತ್ತರ ದಶಕದ ನಡುವಿನಿಂದ ಅವರು ನಿವೃತ್ತರಾಗುವವರೆಗೂ ದಿನವೂ ಅವರನ್ನು ಕಂಡಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದಿದ್ದೇನೆ. ಒಂದು ಕಡೆ ಮಾತ್ರ ನಾನು ಮಾಡಿದ್ದೂ ಬರುತ್ತದೆ. ಅದನ್ನು ಬಿಟ್ಟರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಮೇಷ್ಟ್ರು ಎಡಚರು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುತ್ತಿದ್ದರು, ಬಲಗೈಯಲ್ಲಿ ಊಟ ಮಾಡುತ್ತಿದ್ದರು. ಬಲಗೈಯಲ್ಲಿ ಊಟ ಮಾಡುವಾಗ ಅವರ ಮೀಸೆಗೆ ಸದಾ ಸ್ವಲ್ಪ ಸಾರು ಮೆತ್ತಿರುತ್ತಿತ್ತು. ಅವರ ಊರು ಮಾರ್ಕೋನಹಳ್ಳಿ ಕಟ್ಟೆಯ ಹತ್ತಿರ. ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಅವರ ಗುರುಗಳು ಅಡಿಪಟ್ಟಿಯ ಅಂಚಿನಿಂದ ಗೆಣ್ಣಿನ ಮೇಲೆ ಹೊಡೆದಿದ್ದರಂತೆ.

"ಯಾಕೆ ಸಾ ಅಂದೆ ಕಣಮ್ಮ. ಯಾಕೆ ಅಂದ್ರೆ ಅದು ಎಡಗೈ ಕಣ್ಲಾ ಅಂದ್ರು. ಅದು ಉತ್ತರಾನಾ? ನನ್ನ ಪ್ರಶ್ನೇನೇ ನನ್ಗೆ ವಾಪಸ್ ಕೊಟ್ರು!"

ಅಂದಿನಿಂದ ಅವರು ಎಲ್ಲದರಲ್ಲೂ ಎಡಬಲ ನೋಡತೊಡಗಿದರು. ಕಟ್ಟೆಯ ಅಂಚಿನಲ್ಲಿ ಬಸವನಹುಳುವಿನ ಚಿಪ್ಪು ಆಯ್ದರು; ಎಲ್ಲವೂ ಬಲಕ್ಕೇ ಸುತ್ತಿದ್ದವು. ಎಡಕ್ಕೆ ಸುತ್ತಿದ್ದು ಒಂದಾದರೂ ಸಿಕ್ಕೀತೆಂದು ಊರಿಗೆ ಹೋದಾಗಲೆಲ್ಲ, ತಲೆ ನರೆತ ಮೇಲೂ, ಪ್ಯಾಂಟು ಮಡಚಿಕೊಂಡು ಕೆಸರಿಗೆ ಇಳಿಯುತ್ತಿದ್ದರು. ತುಮಕೂರಿನ ಬಟವಾಡಿಯಲ್ಲಿ ಅವರ ಬಾಡಿಗೆ ಮನೆಯ ಎದುರಿನ ಸೈಕಲ್ ಶಾಪಿನ ಭಾಯ್ ಒಮ್ಮೆ, "ಎಡಗಡೆ ಪೆಡ್ಲಿಗೆ ಥ್ರೆಡ್ಡು ಉಲ್ಟಾ ಇರತ್ತೆ ಸಾರ್, ಬಲಗಡೇದು ಅದಕ್ಕೆ ಕೂರಲ್ಲ" ಎಂದದ್ದೇ ತಡ, ಮೇಷ್ಟ್ರು ಆ ಹಳೆಯ ಪೆಡಲನ್ನು ಕೇಳಿ ಪಡೆದು ವಾರಗಟ್ಟಲೆ ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ದೇವಸ್ಥಾನದಲ್ಲಿ ಎಡಗೈ ಚಾಚಿದ್ದಕ್ಕೆ ಪೂಜಾರಿ ಪ್ರಸಾದ ಕೊಡಲಿಲ್ಲ. "ಸ್ವಾಮಿ, ನಿಮ್ಮ ಮೈಯಲ್ಲಿರೋ ಪ್ರೋಟೀನೆಲ್ಲಾ ಎಡಗೈದೇ. ಬಲಗೈದು ಅಂದ್ರೆ ಬರೀ ಸಕ್ಕರೆ" ಎಂದರು. ಕಣಗಳಿಗೂ ಎಡಗೈ ಬಲಗೈಗಳ ಹಾಗೆ ಎರಡು ರೂಪವಿರುತ್ತದೆ ಎಂಬ ಕೆಮಿಸ್ಟ್ರಿಯ ಮಾತು ಅದು. ಆದರೆ ಪೂಜಾರಿಗೆ ಸಕ್ಕರೆ ಕಾಯಿಲೆಯಿತ್ತು. ಆಡಿಕೊಂಡರೆಂದು ಆತ ಎರಡು ವರ್ಷ ಮಾತು ಬಿಟ್ಟ.

ಒಮ್ಮೆ ನಮ್ಮ ನಿಟ್ಟೂರಿನ ತೋಟಕ್ಕೂ ಬಂದರು. ತೆಂಗಿನ ಗರಿಗಳು ಕೆಲವು ಮರಗಳಲ್ಲಿ ಎಡಕ್ಕೆ ಸುತ್ತುತ್ತಾ ಏರುತ್ತವೆ, ಕೆಲವದರಲ್ಲಿ ಬಲಕ್ಕೆ. ಹುಟ್ಟಿದಾಗಿನಿಂದ ತೆಂಗಿನ ಕೆಳಗೇ ಬೆಳೆದ ನಾನು ಅದನ್ನು ನೋಡಿರಲಿಲ್ಲ. ಅವರು ಎಡದ ಮರಕ್ಕೆ ಸುಣ್ಣದಲ್ಲಿ ಒಂದು ಗೆರೆ, ಬಲದ ಮರಕ್ಕೆ ಎರಡು ಗೆರೆ ಎಳೆದು ಹೋದರು. ಸಂಜೆಗೆ ಅಂಗಳದ ತುಂಬಾ ಜನ. ರೈಲ್ವೆಯವರು ಹೊಸ ಲೈನಿಗೆ ಮರ ಗುರುತು ಮಾಡಿದ್ದಾರೆಂದು ಸುದ್ದಿಯಾಗಿತ್ತು.

"ರೈಲ್ನೋರಲ್ಲ ಕಣ್ರಲಾ" ಎಂದರು ನಮ್ಮ ಅತ್ತೆ. "ನಮ್ ಸೊಸೆ ಕಾಲೇಜಿನ್ ಮೇಷ್ಟ್ರು. ಮರಕ್ಕೆ ಎಡ ಯಾವ್ದು ಬಲ ಯಾವ್ದು ಅಂತ ನೋಡ್ತವ್ರೆ."

"ಅಷ್ಟಕ್ಕೂ ಸಂಬ್ಳ ಕೊಡ್ತಾರಾ?" ಎಂದು ಯಾರೋ ಕೇಳಿದರು.

ಮಾರನೆಯ ಬೆಳಿಗ್ಗೆ ನೋಡಿದರೆ ಎಲ್ಲ ಮರಗಳಿಗೂ ಎರಡೆರಡು ಗೆರೆ. ಎರಡು ಗೆರೆ ಇದ್ದ ಮರ ಕಡಿಯುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಮೇಷ್ಟ್ರು ಮತ್ತೆ ಬಂದು ಮೊದಲಿನಿಂದ ಎಣಿಸಿದರು. ಹೆಚ್ಚುಕಡಿಮೆ ಅರ್ಧಕ್ಕರ್ಧ ಬಂತು. ಮುಖ ಸಪ್ಪಗಾಯಿತು. "ಎಲ್ಲಾದ್ರೂ ಒಂದು ಕಡೆ ಅದು ಮನಸ್ಸು ಮಾಡಿರಲೇಬೇಕು ಕಣಮ್ಮ" ಎಂದರು. ಅದು ಎಂದರೆ ಪ್ರಕೃತಿ; ಮನಸ್ಸು ಮಾಡುವುದು ಎಂದರೆ ಎಡಬಲಗಳಲ್ಲಿ ಒಂದನ್ನು ಆರಿಸುವುದು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಅವರು ಹರಳಿನ ಪ್ರಯೋಗ ಶುರುಮಾಡಿದರು. ಸೋಡಿಯಂ ಕ್ಲೋರೇಟ್ ಎಂಬ ಉಪ್ಪು. ನೀರಿನಲ್ಲಿ ಕರಗಿದಾಗ ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ನೀರು ಆರಿ ಹರಳು ಕಟ್ಟುವಾಗ ಮಾತ್ರ ಅದರ ಕಣಗಳು ಸುರುಳಿಯಾಗಿ ಜೋಡಿಕೊಳ್ಳುತ್ತವೆ, ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಬರಿಗಣ್ಣಿಗೆ ಎರಡೂ ಸಕ್ಕರೆಯ ಹರಳಿನ ಹಾಗೇ ಕಾಣುತ್ತವೆ. ಗುರುತಿಸಲು ಮೇಷ್ಟ್ರು, ಹಿಂದೆಂದೋ ತ್ರೀಡಿ ಸಿನಿಮಾ ನೋಡಲು ಟಾಕೀಸಿನಲ್ಲಿ ಕೊಟ್ಟಿದ್ದ, ತಾವು ಹಿಂತಿರುಗಿಸದೇ ಉಳಿಸಿಕೊಂಡಿದ್ದ ಕನ್ನಡಕ ತಂದರು. ಅದರ ಎರಡು ಗಾಜುಗಳನ್ನು ಕಳಚಿ, ಒಂದರ ಮೇಲೊಂದು ಹಿಡಿದು, ನಡುವೆ ಹರಳಿಟ್ಟು, ಮೇಲಿನ ಗಾಜನ್ನು ತುಸು ತಿರುಗಿಸಿದರೆ ಒಂದು ಜಾತಿ ನೀಲಿಯಾಗಿ ಕಪ್ಪಾಗುತ್ತಿತ್ತು, ಇನ್ನೊಂದು ಬೆಳಗುತ್ತಿತ್ತು. ಅಲುಗಿಸದೆ ಬಿಟ್ಟರೆ ಎರಡೂ ಸರಿಸುಮಾರು ಸಮನಾಗಿ ಬರಬೇಕೆಂದು ಪುಸ್ತಕದಲ್ಲಿತ್ತು. ಪುಸ್ತಕ ತಪ್ಪಿರಲಿ ಎಂಬುದು ಮೇಷ್ಟ್ರ ಆಸೆ.

ಪ್ರತಿ ಸೋಮವಾರ ಹನ್ನೆರಡು ಗಾಜಿನ ತಟ್ಟೆಗಳಿಗೆ ಉಪ್ಪುನೀರು ಹುಯ್ದು, ಪೇಪರ್ ಮುಚ್ಚಿ, ಕಿಟಕಿಯ ಪಕ್ಕ ಇಡುವುದು. ಶನಿವಾರ ತೆಗೆದು ನೋಡುವುದು. ಒಂದು ವಾರ ಎಡ ಬಲ ಕಲೆತು ಬಂತು. ಆಗ ಚೆಂದವಾಗಿ ಕಂಡ ಒಂದು ದಪ್ಪ ಹರಳನ್ನು ನಾನು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟುಕೊಂಡೆ. ಮುಂದಿನ ವಾರಗಳಲ್ಲಿ ಮೋಡದ ಹವೆ. ಹರಳೇ ಕಟ್ಟಲಿಲ್ಲ. ಶನಿವಾರ ಪೇಪರ್ ಎತ್ತಿದರೆ ಬರೀ ನೀರು. ಮೇಷ್ಟ್ರು ಪೇಪರ್ ಮತ್ತೆ ಮುಚ್ಚುತ್ತಿದ್ದರು, ಮಲಗಿದ ಮಗುವಿಗೆ ಹೊದಿಸುವ ಹಾಗೆ.

ನನಗೆ ನೋಡಲಾಗಲಿಲ್ಲ. ಹಾಲು ಮೊಸರಾಗದಿದ್ದರೆ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ಬೆಂಕಿಪೊಟ್ಟಣದ ಹರಳನ್ನು ಚಮಚದ ಹಿಂಬದಿಯಿಂದ ಸ್ವಲ್ಪ ಪುಡಿಮಾಡಿ, ಬೆರಳ ತುದಿಗೆ ಹತ್ತಿದಷ್ಟನ್ನು ಒಂದೊಂದು ತಟ್ಟೆಗೂ ಉದುರಿಸಿದೆ. ಹೆಪ್ಪು ಹಾಕಿದೆ, ಅಷ್ಟೆ. ಅದರಲ್ಲಿ ತಪ್ಪಿದೆಯೆಂದು ನನಗೆ ಆಗ ಹೊಳೆಯಲಿಲ್ಲ. ಬೇಗ ಕಟ್ಟಲಿ ಎಂದು ಮಾತ್ರ ಇತ್ತು ಮನಸ್ಸಿನಲ್ಲಿ.

ಆ ಶನಿವಾರ ಹನ್ನೆರಡು ತಟ್ಟೆಗಳಲ್ಲೂ ಹರಳು. ಮೇಷ್ಟ್ರು ಕನ್ನಡಕದ ಗಾಜು ತಿರುಗಿಸಿ ಒಂದೊಂದಾಗಿ ನೋಡಿದರು. ಐದನೆಯ ತಟ್ಟೆ ನೋಡಿದವರು ಮೊದಲನೆಯದನ್ನು ಮತ್ತೆ ತೆಗೆದು ನೋಡಿದರು. ಹನ್ನೆರಡೂ ಮುಗಿದ ಮೇಲೆ ಸ್ಟೂಲಿನ ಮೇಲೆ ಕುಳಿತರು.

"ಎಲ್ಲಾ ಎಡ" ಎಂದರು. "ಎಲ್ಲಾ ಎಡ ಕಣಮ್ಮಾ!"

ಅವರು ಹುಷಾರಿನ ಮನುಷ್ಯ. "ತಟ್ಟೆ ಚೆನ್ನಾಗಿ ತೊಳ್ದಿದ್ಯಾ?" ಎಂದು ಕೇಳಿದರು. ಮೂರು ಸಲ ತೊಳೆದಿದ್ದೆ, ಹೌದೆಂದೆ. "ಯಾರಾದ್ರೂ ಕಲಕಿದ್ರಾ?" ಇಲ್ಲವೆಂದೆ. "ಅಲುಗಿಸಿದ್ರಾ?" ಇಲ್ಲ. ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ. ಹೆಪ್ಪು ಹಾಕಿದ್ದೀಯಾ ಎಂದು ಅವರು ಕೇಳಲಿಲ್ಲ.

ಮುಂದೆ ವಾರ ವಾರವೂ ನಾನು ಹೆಪ್ಪು ಹಾಕಿದೆ, ವಾರ ವಾರವೂ ಎಡವೇ ಬಂತು. ಮೇಷ್ಟ್ರು ಹತ್ತು ವರ್ಷ ಚಿಕ್ಕವರಾದರು. ಕಾರಿಡಾರಿನಲ್ಲಿ ಎದುರಾದವರಿಗೆಲ್ಲ ಎಡಗೈ ಎತ್ತಿ ನಮಸ್ಕಾರ. ಅದೇ ಸಮಯಕ್ಕೆ ಕಾಲೇಜಿನಲ್ಲಿ ಒಂದು ಸೆಮಿನಾರ್ ಬಂತು. ಆಗ ಎಲ್ಲೆಲ್ಲೂ ನ್ಯಾನೋ, ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಮಾತು. ಬೆಂಗಳೂರಿನಿಂದ ಒಬ್ಬ ಪ್ರೊಫೆಸರ್ ಬರುವವರಿದ್ದರು. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಸಣ್ಣ ಚಿನ್ನದ, ಖನಿಜದ ಕಣಗಳಿಗೂ ಎಡಬಲ ಬರುತ್ತದೆ, ಜೀವವಿಲ್ಲದ ಕಲ್ಲಿಗೆ ಕೈ ಎಲ್ಲಿಂದ ಬಂತು ಎಂಬುದೇ ಅವರ ವಿಷಯ. ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಓಡಿದರು. ಹರಳಿನ ತಟ್ಟೆ ಹಿಡಿದುಕೊಂಡು ನಾನೂ ಹಿಂದೆ ಇದ್ದೆ.

"ಹದಿನೈದು ನಿಮಿಷ ಕೊಡ್ತೀನಿ" ಎಂದರು ಪ್ರಿನ್ಸಿಪಾಲರು. "ಆದ್ರೆ ಟೈಟಲ್ಲಲ್ಲಿ ನ್ಯಾನೋ ಅಂತ ಇರ್ಲೇಬೇಕು ಕಣ್ರೀ."

"ನನ್ ಹರಳು ಕಣ್ಣಿಗೆ ಕಾಣತ್ತೆ ಸಾರ್."

"ಕಾಣದಂಗೆ ಮಾಡ್ರೀ."

ಪ್ರಬಂಧದ ಸಾರಾಂಶ ಅಚ್ಚಾಯಿತು. ಪ್ರಕೃತಿಗೆ ಎಡದ ಕಡೆ ಒಲವಿದೆ ಎಂಬ ಅರ್ಥದ ಶೀರ್ಷಿಕೆ, ಬಾಲಕ್ಕೆ ನ್ಯಾನೋ. ಮೇಷ್ಟ್ರು ಅಷ್ಟಕ್ಕೇ ನಿಲ್ಲಲಿಲ್ಲ. ಅಡಿಪಟ್ಟಿಯಿಂದ ಹೊಡೆದ ಗುರುಗಳು ಇನ್ನೂ ಕುಣಿಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದರು, ತೊಂಬತ್ತರ ಹತ್ತಿರ. ಅವರನ್ನು ಸೆಮಿನಾರಿಗೆ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಲು ಕಾರು ಗೊತ್ತುಮಾಡಿದರು. "ನಾನೇನೂ ಅನ್ನಲ್ಲಮ್ಮ. ಅವ್ರು ಕೇಳಿಸ್ಕೊಂಡ್ರೆ ಸಾಕು. ಐವತ್ತು ವರ್ಷದಿಂದ ಕಾಯ್ತಿದೀನಿ" ಎಂದರು. ಗೆಣ್ಣನ್ನು ಉಜ್ಜಿಕೊಳ್ಳುತ್ತಿದ್ದರು.

ಸೆಮಿನಾರಿಗೆ ಆರು ದಿನವಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಹಿಂದಿನ ದಿನ ನಮ್ಮ ಮನೆಯ ಹೆಪ್ಪು ಕೆಟ್ಟುಹೋಗಿ ಪಕ್ಕದ ಮನೆಯಿಂದ ತಂದಿದ್ದೆ. ಅತ್ತೆ ಒಂದು ತುತ್ತು ಮೊಸರನ್ನ ಬಾಯಿಗಿಟ್ಟು ಮುಖ ಕಿವಿಚಿದರು.

"ಯಾರ್ ಮನೆ ಹೆಪ್ಪಮ್ಮಾ ಇದು?"

"ಪಕ್ಕದ್ಮನೇದು ಅತ್ತೆ. ಹಾಲು ನಮ್ದೇ."

"ಹಾಲು ಯಾರ್ದಾದ್ರೇನು? ಹೆಪ್ಪು ಯಾರ್ದೋ ಮೊಸ್ರು ಅವ್ರುದೇ. ಅವ್ರ್ ಮನೆ ವಾಸ್ನೇನೇ ಬಂದೈತೆ ನೋಡು."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಬೆಂಕಿಪೊಟ್ಟಣ ಕಣ್ಣ ಮುಂದೆ ಬಂತು. ಒಂದು ಹರಳು. ಎಲ್ಲ ವಾರವೂ ಅದೇ ಒಂದು ಹರಳು. ಅದು ಎಡದ್ದಾಗಿದ್ದಿರಬೇಕು.

"ಏನಾಯ್ತೇ? ಅಷ್ಟೇನೂ ಹುಳಿಯಿಲ್ಲ, ಉಣ್ಣು" ಎಂದರು ಅತ್ತೆ.

ಸೋಮವಾರದ ರೈಲಿನಲ್ಲಿ ನನ್ನ ಎದುರಿಗೆ ಯಾರು ಕುಳಿತಿದ್ದರೆಂದು ನನಗೆ ನೆನಪಿಲ್ಲ. ಹೇಳದೇ ಇರಬಹುದಿತ್ತು ಎಂಬುದು ನೆನಪಿದೆ. ಹೆಪ್ಪು ಹಾಕಿದ್ದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಹೇಳಿದರೆ ಅವರ ಐವತ್ತು ವರ್ಷ ಹೋಗುತ್ತದೆ, ಬಹುಶಃ ನನ್ನ ಕೆಲಸವೂ. ಹೇಳದಿದ್ದರೆ ಅವರು ಅಷ್ಟು ಜನರ ಮುಂದೆ, ಆ ಗುರುಗಳ ಮುಂದೆ, ನನ್ನ ಬೆರಳಿನ ಪುಡಿಯನ್ನು ಪ್ರಕೃತಿ ಎನ್ನುತ್ತಾರೆ. ಲ್ಯಾಬಿಗೆ ಹೋದಾಗ ಅವರು ಸಿಂಕಿನ ಮೇಲಿನ ಕನ್ನಡಿಯ ಮುಂದೆ ನಿಂತು ಭಾಷಣದ ಅಭ್ಯಾಸ ಮಾಡುತ್ತಿದ್ದರು.

"ಸಾರ್, ನಾನು ಹೆಪ್ಪು ಹಾಕ್ದೆ" ಎಂದೆ.

"ಮನೇಲಾ?"

"ತಟ್ಟೆಗೆ ಸಾರ್. ಹನ್ನೆರಡಕ್ಕೂ."

ಅವರು ಕನ್ನಡಿಯಿಂದ ತಿರುಗಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಕೇಳಿದರು. ಯಾವ ಹರಳಿಂದ? ಬೆಂಕಿಪೊಟ್ಟಣ ತೋರಿಸಿದೆ. ಎಷ್ಟು? ಬೆರಳ ತುದಿಯಷ್ಟು. ಯಾವ ಬೆರಳು? ತೋರುಬೆರಳು. ಯಾವ ಕೈ? ಬಲಗೈ ಸಾರ್. ಅದನ್ನೇಕೆ ಕೇಳಿದರೋ ಗೊತ್ತಿಲ್ಲ. ಪೊಟ್ಟಣ ತೆಗೆದುಕೊಂಡು ಹರಳನ್ನು ಗಾಜುಗಳ ನಡುವೆ ಇಟ್ಟು ತಿರುಗಿಸಿದರು. ನೋಡಿ ಕೆಳಗಿಟ್ಟರು.

"ಹೋಗಿ ಎರಡು ಟೀ ತಗೊಂಬಾ."

ಕ್ಯಾಂಟೀನಿಗೆ ಹೋಗಿ ಬರುವಷ್ಟು ಹೊತ್ತೂ ನಾನು ರಾಜೀನಾಮೆ ಪತ್ರದ ಒಕ್ಕಣೆ ಯೋಚಿಸುತ್ತಿದ್ದೆ. ಹಿಂತಿರುಗಿದಾಗ ಅವರು ಸ್ಟೂಲಿನ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ನಾನು ಖಂಡಿತವಾಗಿ ಹೇಳಲಾರೆ. ಎರಡೂ ಇತ್ತು ಎಂದೇ ನನ್ನ ನಂಬಿಕೆ.

"ಹೆಪ್ಪು" ಎಂದರು. "ದಿನಾ ಮೊಸರನ್ನ ತಿಂತೀನಿ. ನನಗ್ ಹೊಳೀಲಿಲ್ವಲ್ಲಮ್ಮಾ, ಥೂ!" ಟೀ ಲೋಟ ಹಿಡಿದವರು ತಟ್ಟನೆ ಎದ್ದರು. "ಇವತ್ತು ಸೋಮವಾರ ಅಲ್ವಾ? ತಟ್ಟೆ ತೆಗಿ. ನಾಲ್ಕಕ್ಕೆ ಎಡದ ಹೆಪ್ಪು, ನಾಲ್ಕಕ್ಕೆ ಆ ಕಲೆತು ಬಂದ ವಾರದ್ರಲ್ಲಿ ಆಯ್ದ ಬಲದ ಹೆಪ್ಪು, ನಾಲ್ಕಕ್ಕೆ ಏನೂ ಬೇಡ. ಈ ಸಲ ನನ್ ಕಣ್ಣೆದುರಿಗೆ ಹಾಕು."

ಶುಕ್ರವಾರ ಪೇಪರ್ ಎತ್ತಿದೆವು. ಎಡದ ಹೆಪ್ಪಿಗೆ ಎಡ, ಬಲದ ಹೆಪ್ಪಿಗೆ ಬಲ. ಏನೂ ಹಾಕದ ನಾಲ್ಕರಲ್ಲಿ ಎರಡು ಬರೀ ನೀರು, ಎರಡರಲ್ಲಿ ಎಡ ಬಲ ಕಲೆತ ಹರಳು.

ಶನಿವಾರ ಸಭಾಂಗಣ ತುಂಬಿತ್ತು. ಕುಣಿಗಲ್ಲಿನ ಗುರುಗಳು ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದರು. ಮೇಷ್ಟ್ರು ವೇದಿಕೆ ಹತ್ತಿ, ಅಚ್ಚಾದ ಸಾರಾಂಶವನ್ನು ಎತ್ತಿ ಹಿಡಿದು, "ಇದು ತಪ್ಪು, ಇದನ್ನು ಯಾರೂ ಓದಬೇಡಿ" ಎಂದು ಶುರುಮಾಡಿದರು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಕೆಳಗೆ ಜಾರಿದರು.

"ಪ್ರಕೃತಿ ಎಡದ ಕಡೆ ಅಂದ್ಕೊಂಡಿದ್ದೆ. ಅದು ನನ್ನಾಸೆ. ನಮ್ ಅಟೆಂಡರಮ್ಮ ಒಂದೇ ಹರಳಿನ ಪುಡಿ ಉದುರಿಸಿದ್ರು, ಎಲ್ಲಾ ಅದರಂಗೇ ಕಟ್ತು. ಆ ಪುಡೀಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಎಷ್ಟಿದ್ವೋ! ಪ್ರಿನ್ಸಿಪಾಲ್ರು ಕೇಳಿದ ನ್ಯಾನೋ ಅವೇ ಇರ್ಬೇಕು." ಜನ ನಕ್ಕರು. "ಎಡ ಮೇಲಲ್ಲ, ಬಲ ಮೇಲಲ್ಲ. ಮೊದ್ಲು ಬಿದ್ದಿದ್ದು ಯಾವ್ದೋ, ಆಮೇಲಿಂದೆಲ್ಲಾ ಅದರ ಮೊಸರು. ನಮ್ಮ ಮೈಯಲ್ಲೂ ಹಂಗೇ ಆಗಿರ್ಬೋದು."

ಬೆಂಗಳೂರಿನ ಪ್ರೊಫೆಸರ್ ಎದ್ದು ನಿಂತರು. "ಒಪ್ಪಿದೆ ಸಾರ್. ನಮ್ಮ ಚಿನ್ನದ ಕಣಗಳ ವಿಷಯದಲ್ಲೂ ನಾವು ಕೇಳ್ತಿರೋದು ಅದೇ. ಮೊದಲನೇ ಹೆಪ್ಪು ಯಾರ ಮನೆಯಿಂದ ಬಂತು?"

"ಅದು ನಮ್ಮವ್ವಂಗೂ ಗೊತ್ತಿರ್ಲಿಲ್ಲ ಸಾರ್. ಪಕ್ಕದ್ಮನೆಯಿಂದ ಅಂತಿದ್ಲು."

ನಗು ಇಳಿಯುವ ಮೊದಲೇ ಮುಂದಿನ ಸಾಲಿನಲ್ಲಿ ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು. ಗುರುಗಳು ಎದ್ದಿದ್ದರು. ಮೈಕು ಬೇಕಾಗಲಿಲ್ಲ.

"ಲೋ, ನಾನು ನಿನ್ಗೆ ಹೊಡ್ದಿದ್ನಂತಲ್ಲ, ಎಡಗೈಗೆ?"

"ಹೌದು ಸಾ."

"ನನ್ಗೆ ಗೆಪ್ತಿಯಿಲ್ಲ. ಆದ್ರೆ ನಮ್ ಮೇಷ್ಟ್ರು ನನ್ಗೆ ಹೊಡ್ದಿದ್ದು ಗೆಪ್ತಿಯೈತೆ." ಕೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. "ನಾನೂ ಎಡಚನೇ ಕಣ್ಲಾ. ಅದೂ ಹೆಪ್ಪೇ ಅಂತೀಯಾ?"

ಮೇಷ್ಟ್ರು ವೇದಿಕೆಯಿಂದ ಇಳಿದು ಹೋದರು. ಆಮೇಲೆ ಅವರಿಬ್ಬರೂ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ, ಹಾಗಾಗಿ ಬರೆಯುವುದಿಲ್ಲ. ಮೇಷ್ಟ್ರ ಎಡಗೈ ಗುರುಗಳ ಎಡಗೈಯಲ್ಲಿ ಬಹಳ ಹೊತ್ತು ಇತ್ತು. ಅಷ್ಟು ಕಂಡೆ.

ಅತ್ತೆಯ ಮೊಸರನ್ನದ ಕಥೆಯನ್ನೂ ಮೇಷ್ಟ್ರಿಗೆ ಹೇಳಿದ್ದೆ. ಮುಂದಿನ ಸೋಮವಾರ ಅವರು ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟರು. "ನಿಮ್ಮತ್ತೆ ಮನೆ ಹೆಪ್ಪು ಬೇಕು. ನನ್ನ ಕಣ್ಣು ತೆರೆಸಿದ್ದು ಅದೇ ಅಲ್ವಾ?" ಅದು ಪಕ್ಕದ ಮನೆಯದು, ನಮ್ಮದಲ್ಲ ಎಂದು ತಿದ್ದಿದೆ. "ಮತ್ತೂ ಒಳ್ಳೇದು" ಎಂದರು. ಅತ್ತೆ ಡಬ್ಬಿ ತುಂಬಿಸಿ ಕೊಡುವಾಗ, "ಹುಳಿ ಅಂತ ಬಯ್ಯಬಾರ್ದಂತೆ ಅನ್ನು" ಎಂದರು.

ಮೇಷ್ಟ್ರ ಹನ್ನೊಂದನೆಯ ದಿನದ ತಿಥಿಗೆ ಬಟವಾಡಿಗೆ ಹೋಗಿದ್ದೆ. ಕೊನೆಯಲ್ಲಿ ಮೊಸರು ಬಡಿಸಿದರು. ಒಂದು ತುತ್ತಿಗೇ ತಿಳಿಯಿತು. ಅತ್ತೆ ಹೋಗಿ ಎಷ್ಟೋ ವರ್ಷವಾಗಿದೆ. ಪಕ್ಕದ ಮನೆಯವರು ಮನೆ ಮಾರಿ ಹೋಗಿದ್ದಾರೆ. ನಮ್ಮ ಮನೆಯಲ್ಲಿ ಈಗ ಪಾಕೆಟ್ ಮೊಸರು. ಇಲ್ಲಿ ಮಾತ್ರ ಅದೇ ಹುಳಿ, ಅದೇ ವಾಸನೆ. ಮುಖ ಕಿವಿಚಿತು, ಕಣ್ಣು ತುಂಬಿತು.

ಅಡುಗೆ ಮನೆಯಲ್ಲಿ ಮೇಷ್ಟ್ರ ಹೆಂಡತಿ ಮೊಸರಿನ ಪಾತ್ರೆಯ ಪಕ್ಕ ನಿಂತಿದ್ದರು. "ನೀನು ತಂದ್ಕೊಟ್ಟ ಹೆಪ್ಪು ಒಂದಿನಾನೂ ಮುರೀಲಿಲ್ಲ ಕಣಮ್ಮ" ಎಂದರು. "ಊರಿಗೆ ಹೋದ್ರೂ ಡಬ್ಬೀಲಿ ಹಾಕ್ಕೊಂಡೇ ಹೋಗ್ಬೇಕು ಅಂತಿದ್ರು. ನನಗೆ ಸಾಕಾಗಿಹೋಗಿತ್ತು."

ತಿಥಿಯ ದಿನ ಕೇಳಬಾರದು ಎಂದು ಗೊತ್ತಿತ್ತು. ಆದರೂ ಒಂದು ಚಮಚ ಹೆಪ್ಪು ಕೇಳಿದೆ. ಅವರು ಎದೆಯ ಮಟ್ಟದ ಗೂಡಿನಿಂದ ಅದೇ ಸ್ಟೀಲ್ ಡಬ್ಬಿ ತೆಗೆದರು. ಬಲಗೈಯಲ್ಲಿ ಸೌಟಿತ್ತು. ಎಡಗೈಯಲ್ಲಿ ಡಬ್ಬಿ ಚಾಚಿದವರು ನಾಲಗೆ ಕಚ್ಚಿಕೊಂಡು ಹಿಂದೆಗೆದರು.

"ಅಯ್ಯೋ, ಎಡಗೈಲಿ..."

"ಹಂಗೇ ಕೊಡಿ ಅಮ್ಮಾ" ಎಂದು ನಾನೂ ಎಡಗೈ ಚಾಚಿದೆ.